ಅಂದಾಜು ನಮ್ಮದು, ಆಟ ಅವರದು

ಬೇ ಏರಿಯಾದಲ್ಲಿ ಫ್ಯಾಂಟಸಿ ಫುಟ್‌ಬಾಲ್ ಆಡುವ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಆತ್ಮೀಯ ಬಂಧುಗಳೇ,

ಆಗಸ್ಟ್ ಬಂದಿದೆ. ಸ್ಯಾಂಟಾ ಕ್ಲಾರಾದಲ್ಲಿ ಫಾರ್ಟಿನೈನರ್ಸ್ ತಂಡ ಅಭ್ಯಾಸಕ್ಕೆ ಇಳಿದಿದೆ. ಸನಿವೇಲ್, ಫ್ರೀಮಾಂಟ್, ಸ್ಯಾನ್ ಹೋಸೆಗಳ ನಮ್ಮ ಮನೆಗಳಲ್ಲಿ ಡ್ರಾಫ್ಟ್‌ಗೆ (ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳುವುದಕ್ಕೆ) ದಿನ ಗೊತ್ತುಮಾಡುವ ಮಾತು ನಡೆದಿದೆ. ಯಾವ ಆಟಗಾರ ಈ ಸೀಸನ್‌ನಲ್ಲಿ ಎಷ್ಟು ಅಂಕ ತರುತ್ತಾನೆ ಎಂಬ ಪಟ್ಟಿಗಳು ಒಬ್ಬರಿಂದ ಒಬ್ಬರಿಗೆ ಹರಿದಾಡುತ್ತಿವೆ. ಈ ಪತ್ರ ಆ ಪಟ್ಟಿಗಳ ಬಗ್ಗೆ. ಆಟಗಾರನ ಹೆಸರಿನ ಮುಂದೆ ನಾವು ಬರೆದುಕೊಳ್ಳುವ ಸಂಖ್ಯೆಯನ್ನು ಹೇಗೆ ಕಟ್ಟಬೇಕು, ಎಷ್ಟು ನಂಬಬೇಕು, ಅದು ತಪ್ಪಿದಾಗ ಹೊಣೆ ಯಾರದು ಎಂಬುದನ್ನು ಡ್ರಾಫ್ಟ್‌ಗೆ ಮೊದಲೇ ನಾವೆಲ್ಲ ಕೂಡಿ ಯೋಚಿಸಬೇಕೆಂಬುದು ನನ್ನ ಆಸೆ.

ಸ್ನೇಹಿತರ ಲೀಗೊಂದರ ಕಮಿಷನರ್ ಆಗಿ ಹಲವು ಸೀಸನ್‌ಗಳಿಂದ ನಾನು ಇದನ್ನು ನೋಡುತ್ತಾ ಬಂದಿದ್ದೇನೆ. ಆಗಸ್ಟ್‌ನಲ್ಲಿ ಅಂದಾಜು ಎನ್ನಿಸಿಕೊಂಡದ್ದು ಅಕ್ಟೋಬರ್ ಹೊತ್ತಿಗೆ ಸಾಲಪತ್ರ ಆಗಿಬಿಡುತ್ತದೆ. ‘ಇವನು ನಮಗೆ ಇನ್ನೂರೈವತ್ತು ಕೊಡಬೇಕಿತ್ತು’ ಎಂಬ ಮಾತು ಹುಟ್ಟುತ್ತದೆ. ಗಾಯಗೊಂಡು ಮೈದಾನದಲ್ಲಿ ಮಲಗಿದವನ ಬಗ್ಗೆ ಆಡಬಾರದ ಮಾತನ್ನು ಒಳ್ಳೆಯವರೂ ಆಡುತ್ತಾರೆ. ಹಾಗಾಗಬಾರದು ಎಂಬ ಕಾಳಜಿಯಿಂದ ಬರೆಯುತ್ತಿದ್ದೇನೆ.

ಈ ಆಟದ ಮೇಲೆ ನಮಗೆ ವಿಶೇಷ ಅಭಿಮಾನ ಇರಬೇಕಾದ ಕಾರಣವೂ ಉಂಟು. ಫ್ಯಾಂಟಸಿ ಫುಟ್‌ಬಾಲ್ ನಾವಿರುವ ಈ ನೆಲದಲ್ಲೇ ಬೇರೂರಿದ್ದು. 1962ರಲ್ಲಿ ಓಕ್‌ಲ್ಯಾಂಡ್ ರೇಡರ್ಸ್ ತಂಡದ ಪಾಲುದಾರರಲ್ಲಿ ಒಬ್ಬರಾದ ಬಿಲ್ ವಿಂಕನ್‌ಬಾಕ್, ತಂಡದ ಜೊತೆ ಪ್ರವಾಸದಲ್ಲಿದ್ದಾಗ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಇಬ್ಬರು ಗೆಳೆಯರ ಜೊತೆ ಕೂತು ಇದರ ನಿಯಮ ಬರೆದರು. ಮರುವರ್ಷ ಆಗಸ್ಟ್‌ನಲ್ಲಿ ಓಕ್‌ಲ್ಯಾಂಡಿನಲ್ಲಿ ಮೊದಲ ಡ್ರಾಫ್ಟ್ ನಡೆಯಿತು. ಎಂಟು ತಂಡಗಳಿದ್ದವು, ಮೊದಲು ಆಯ್ಕೆಯಾದವರು ಜಾರ್ಜ್ ಬ್ಲಾಂಡಾ. ಅಲ್ಲಿ ಕೆಲವೇ ಜನ ಕಾಗದ-ಪೆನ್ಸಿಲ್ ಹಿಡಿದು ಆಡಿದ ಆಟ ಇಂದು ಕೋಟ್ಯಂತರ ಜನರ ಹವ್ಯಾಸ. ಅಂದು ಅವರು ಮಾಡಿದ್ದನ್ನೇ ನಾವೂ ಮಾಡುತ್ತಿದ್ದೇವೆ: ಸೀಸನ್ ಶುರುವಾಗುವ ಮೊದಲು ಯಾರು ಹೇಗೆ ಆಡಬಹುದು ಎಂದು ಊಹಿಸುವುದು.

ಊರಿನಲ್ಲಿ ಡ್ರೀಮ್ ಇಲೆವೆನ್ ಆಪ್‌ನಲ್ಲಿ ಫ್ಯಾಂಟಸಿ ಕ್ರಿಕೆಟ್ ಆಡಿ ಬಂದ ಹೊಸಬರು ನಮ್ಮಲ್ಲಿ ಹೆಚ್ಚುತ್ತಿದ್ದಾರೆ. ಅವರಿಗಾಗಿ ಎರಡು ಮಾತು. ಅಲ್ಲಿ ಒಂದು ಪಂದ್ಯಕ್ಕಷ್ಟೇ ತಂಡ ಕಟ್ಟುತ್ತಿದ್ದರು. ವಿರಾಟ್ ಕೊಹ್ಲಿಯನ್ನು ಎಷ್ಟು ಜನ ಬೇಕಾದರೂ ಆರಿಸಿಕೊಳ್ಳಬಹುದಿತ್ತು. ಇಲ್ಲಿ ನಾವು ಆಡುವುದು ಇಡೀ ಸೀಸನ್‌ನ ಆಟ. ಹನ್ನೆರಡು ಜನರ ಲೀಗ್‌ನಲ್ಲಿ ಒಬ್ಬ ಆಟಗಾರ ಒಬ್ಬರ ಪಾಲಿಗೆ ಮಾತ್ರ. ಅವನನ್ನು ಆಗಸ್ಟ್‌ನಲ್ಲಿ ಆರಿಸಿಕೊಂಡರೆ ಸುಮಾರು ನಾಲ್ಕು ತಿಂಗಳು ಅವನ ಜೊತೆ ಬಾಳಬೇಕು. ನಾಳೆಯ ಪಂದ್ಯದ ಊಹೆಗೂ ನಾಲ್ಕು ತಿಂಗಳ ಊಹೆಗೂ ಅಜಗಜಾಂತರ. ನಾಳೆ ಯಾರು ಆಡುತ್ತಾರೆ ಎಂಬುದು ಹೆಚ್ಚುಕಡಿಮೆ ಗೊತ್ತಿರುತ್ತದೆ. ನವೆಂಬರ್‌ನಲ್ಲಿ ಯಾರು ಆಡುತ್ತಿರುತ್ತಾರೆ ಎಂಬುದು ಆಗಸ್ಟ್‌ನಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ಹಾಗಾದರೆ ಅಂದಾಜು ಕಟ್ಟುವುದು ಹೇಗೆ? ನಮ್ಮ ತಂಡವನ್ನೇ ತೆಗೆದುಕೊಳ್ಳೋಣ. 2023ರ ಸೀಸನ್‌ನಲ್ಲಿ ಫಾರ್ಟಿನೈನರ್ಸ್ 12 ಪಂದ್ಯ ಗೆದ್ದು 5 ಸೋತರು. ಸೂಪರ್ ಬೌಲ್ ತಲುಪಿ, ಲಾಸ್ ವೇಗಸ್‌ನಲ್ಲಿ ಕಾನ್ಸಸ್ ಸಿಟಿ ಚೀಫ್ಸ್ ಎದುರು ಹೆಚ್ಚುವರಿ ಅವಧಿಯಲ್ಲಿ 25-22ರಿಂದ ಸೋತರು. ಆ ಸೀಸನ್‌ನ ಅಂಕಿಗಳನ್ನು ಮುಂದಿಟ್ಟುಕೊಂಡು 2024ರ ಆಗಸ್ಟ್‌ನಲ್ಲಿ ಎಲ್ಲರೂ ಲೆಕ್ಕ ಹಾಕಿದರು. ಅದು ಹೇಗೆ ನಡೆಯಿತು, ಎಲ್ಲಿ ಮುರಿಯಿತು ಎಂಬುದು ನಮಗೆಲ್ಲ ಪಾಠ.

ಲೆಕ್ಕ ಮೇಲಿಂದ ಕೆಳಗೆ ಇಳಿಯಬೇಕು. ಮೊದಲು ತಂಡ, ಆಮೇಲೆ ಆಟಗಾರ. ತಂಡ ಒಂದು ಸೀಸನ್‌ನಲ್ಲಿ ಎಷ್ಟು ಸಲ ಚೆಂಡು ಎಸೆಯುತ್ತದೆ, ಎಷ್ಟು ಸಲ ಹಿಡಿದು ಓಡುತ್ತದೆ ಎಂಬುದು ಮೊದಲ ಪ್ರಶ್ನೆ. ಕೋಚ್ ಕೈಲ್ ಶಾನಹನ್ ಅವಸರದ ಆಟ ಆಡಿಸುವವರಲ್ಲ. 2023ರಲ್ಲಿ ಅವರ ತಂಡ 17 ಪಂದ್ಯಗಳಲ್ಲಿ ಎಸೆದದ್ದು ಸುಮಾರು 490 ಸಲ, ಓಡಿದ್ದು ಸುಮಾರು 500 ಸಲ. ಎಸೆತಗಳು ಯಾರ ಕಡೆಗೆ ಹೋದವು? ಬ್ರ್ಯಾಂಡನ್ ಅಯೂಕ್ ಕಡೆಗೆ 105, ಟೈಟ್ ಎಂಡ್ ಜಾರ್ಜ್ ಕಿಟಲ್ ಕಡೆಗೆ 90, ಡೀಬೊ ಸ್ಯಾಮ್ಯುಯೆಲ್ ಕಡೆಗೆ 89, ರನ್ನಿಂಗ್ ಬ್ಯಾಕ್ ಕ್ರಿಶ್ಚಿಯನ್ ಮೆಕ್‌ಕ್ಯಾಫ್ರಿ ಕಡೆಗೆ 83. ನಾಲ್ವರದೂ ಸೇರಿ 367. ಅಂದರೆ ನಾಲ್ಕರಲ್ಲಿ ಮೂರು ಪಾಲು ಈ ನಾಲ್ವರಿಗೇ.

ಒಂಟಿ ಆಟಗಾರನನ್ನು ನೋಡಿ ಅಂದಾಜು ಕಟ್ಟುವವರು ಎಡವುವುದು ಇಲ್ಲೇ. ಅಯೂಕ್ ಇನ್ನಷ್ಟು ಬೆಳೆಯುತ್ತಾರೆ ಎಂದು 130 ಟಾರ್ಗೆಟ್ (ಅವರ ಕಡೆಗೆ ಹೋಗುವ ಎಸೆತ) ಬರೆಯುತ್ತೇವೆ. ಡೀಬೊ ಪೂರ್ತಿ ಆಡಿದರೆ 110 ಎನ್ನುತ್ತೇವೆ. ಕಿಟಲ್‌ಗೆ 100. ಹೊಸದಾಗಿ ಬಂದ ರಿಸೀವರ್‌ಗೆ 60. ಒಬ್ಬೊಬ್ಬರ ಸಂಖ್ಯೆಯೂ ನಂಬುವಂತೆ ಕಾಣುತ್ತದೆ. ಇದಕ್ಕೆ ಮೆಕ್‌ಕ್ಯಾಫ್ರಿಯ 83 ಮತ್ತು ಉಳಿದವರ ಪಾಲನ್ನೂ ಕೂಡಿಸಿದರೆ ತಂಡ ಎಸೆಯುವುದಕ್ಕಿಂತ ಹೆಚ್ಚಾಗುತ್ತದೆ. ಮೈದಾನದಲ್ಲಿ ಇರುವುದು ಒಂದೇ ಚೆಂಡು. ಒಬ್ಬರಿಗೆ ಕೊಟ್ಟದ್ದನ್ನು ಇನ್ನೊಬ್ಬರಿಂದ ಕಳೆಯಲೇಬೇಕು. ನಿಮ್ಮ ಕೈಗೆ ಬಂದ ಪಟ್ಟಿ ಎಷ್ಟೇ ಹೆಸರಾಂತವರದಾಗಲಿ, ಒಂದೇ ತಂಡದ ಆಟಗಾರರ ಸಂಖ್ಯೆಗಳನ್ನು ಕೂಡಿಸಿ ನೋಡಿ. ಮೊತ್ತ ತಂಡದ ಶಕ್ತಿಯನ್ನು ಮೀರಿದ್ದರೆ ಆ ಪಟ್ಟಿಯನ್ನು ಕೆಳಗಿಡಿ.

ಎರಡನೆಯ ಮೆಟ್ಟಿಲು ದರ. ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ 2023ರಲ್ಲಿ 444 ಎಸೆತಗಳಿಂದ 4,280 ಯಾರ್ಡ್ ಗಳಿಸಿದರು. 2000ದಲ್ಲಿ ಜೆಫ್ ಗಾರ್ಸಿಯಾ ಮಾಡಿದ್ದ 4,278ರ ತಂಡದ ದಾಖಲೆಯನ್ನು ಎರಡು ಯಾರ್ಡ್ ಅಂತರದಲ್ಲಿ ಮುರಿದರು. 31 ಟಚ್‌ಡೌನ್ ಬಂದವು. ಅಂದರೆ ಪ್ರತಿ ನೂರು ಎಸೆತಕ್ಕೆ ಏಳು. ಲೀಗ್‌ನ ಸಾಮಾನ್ಯ ದರ ನೂರಕ್ಕೆ ನಾಲ್ಕರ ಆಸುಪಾಸು. ಇಷ್ಟು ಎತ್ತರದ ದರ ಒಬ್ಬ ಆಟಗಾರನ ಬಳಿ ವರ್ಷದಿಂದ ವರ್ಷಕ್ಕೆ ನಿಲ್ಲುವುದು ಅಪರೂಪ. ಎಸೆತಗಳ ಸಂಖ್ಯೆ ಕೋಚ್‌ನ ಆಟದ ಶೈಲಿಯಿಂದ ಬರುತ್ತದೆ, ಆದ್ದರಿಂದ ಮರುವರ್ಷವೂ ಬಹುಪಾಲು ಉಳಿಯುತ್ತದೆ. ಟಚ್‌ಡೌನ್ ಹಾಗಲ್ಲ. ಒಂದು ಗಜದ ಗೆರೆಯಲ್ಲಿ ಬಿದ್ದನೋ ದಾಟಿದನೋ ಎಂಬಷ್ಟು ಸಣ್ಣ ಅಂತರ ಆರು ಅಂಕವನ್ನು ತೀರ್ಮಾನಿಸುತ್ತದೆ. 2024ರಲ್ಲಿ ಪರ್ಡಿ 15 ಪಂದ್ಯಗಳಲ್ಲಿ 455 ಸಲ ಎಸೆದರು. ಹಿಂದಿನ ವರ್ಷಕ್ಕಿಂತ ತುಸು ಹೆಚ್ಚೇ. ಯಾರ್ಡ್ 3,864. ಟಚ್‌ಡೌನ್ ಮಾತ್ರ 20. ಅವರೇನೂ ಆಟ ಮರೆತಿರಲಿಲ್ಲ. ಜೊತೆಗಾರರು ಒಬ್ಬೊಬ್ಬರಾಗಿ ಗಾಯಗೊಂಡಿದ್ದರು, ಮತ್ತು ಏಳರ ದರ ತನ್ನ ಸಹಜ ಜಾಗಕ್ಕೆ ಇಳಿದಿತ್ತು. ಹಿಂದಿನ ವರ್ಷದ ಟಚ್‌ಡೌನ್‌ಗಳನ್ನು ಹಾಗೆಯೇ ನಕಲು ಮಾಡಿದವರಿಗೆ ಪರ್ಡಿ ನಿರಾಸೆ ಎನ್ನಿಸಿದರು. ಎಸೆತ ಮತ್ತು ದರಗಳನ್ನು ಬೇರೆ ಬೇರೆ ಮಾಡಿ ನೋಡಿದವರಿಗೆ ಆ ಇಳಿಕೆಯ ಬಹುಭಾಗ ಆಗಸ್ಟ್‌ನಲ್ಲೇ ಕಾಣುತ್ತಿತ್ತು.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು: ಆಟಗಾರ ಎಷ್ಟು ಪಂದ್ಯ ಆಡುತ್ತಾನೆ? ಮೆಕ್‌ಕ್ಯಾಫ್ರಿ 2023ರಲ್ಲಿ 1,459 ಯಾರ್ಡ್ ಓಡಿ, 564 ಯಾರ್ಡ್‌ಗಳಷ್ಟು ಪಾಸ್ ಹಿಡಿದು, 21 ಟಚ್‌ಡೌನ್ ಗಳಿಸಿದರು. ಆ ಸೀಸನ್‌ನ ಅತ್ಯುತ್ತಮ ಆಕ್ರಮಣಕಾರಿ ಆಟಗಾರ ಎಂಬ ಪ್ರಶಸ್ತಿ ಅವರಿಗೆ ಸಂದಿತು. ಹತ್ತು ಯಾರ್ಡಿಗೆ ಒಂದು, ಹಿಡಿದ ಪ್ರತಿ ಪಾಸಿಗೆ ಒಂದು, ಟಚ್‌ಡೌನ್‌ಗೆ ಆರು ಎಂಬ ನಮ್ಮ ಪಿಪಿಆರ್ ಲೆಕ್ಕದಲ್ಲಿ, ಚೆಂಡು ಕೈಬಿಟ್ಟದ್ದಕ್ಕೆ ಕಳೆಯುವ ಮೊದಲು, ಅವರ ಗಳಿಕೆ 395. ಮರುವರ್ಷದ ಡ್ರಾಫ್ಟ್‌ಗಳಲ್ಲಿ ಅವರೇ ಮೊದಲ ಆಯ್ಕೆ ಎಂಬುದರಲ್ಲಿ ಹೆಚ್ಚು ಜನರಿಗೆ ಅನುಮಾನ ಇರಲಿಲ್ಲ.

ಆಗಸ್ಟ್‌ನಲ್ಲಿ ಅವರ ಮೀನಖಂಡದ ನೋವಿನ ಸುದ್ದಿ ಬಂತು. ಸೆಪ್ಟೆಂಬರ್ 9ರ ಸೋಮವಾರ ರಾತ್ರಿ, ನ್ಯೂಯಾರ್ಕ್ ಜೆಟ್ಸ್ ವಿರುದ್ಧದ ಮೊದಲ ಪಂದ್ಯ ಶುರುವಾಗಲು ಸ್ವಲ್ಪ ಹೊತ್ತಿದೆ ಎನ್ನುವಾಗ ಅವರು ಆಡುವುದಿಲ್ಲ ಎಂದು ತಿಳಿಯಿತು. ನೋವು ಎರಡೂ ಕಾಲುಗಳ ಹಿಮ್ಮಡಿಯ ಸ್ನಾಯುರಜ್ಜಿನಲ್ಲೂ ಇದೆ ಎಂದು ಆಮೇಲೆ ತಿಳಿಯಿತು. ನವೆಂಬರ್ 10ರಂದು ಟ್ಯಾಂಪಾದಲ್ಲಿ ಮರಳಿ ಇಳಿದರು. ಡಿಸೆಂಬರ್ 1ರಂದು ಬಫಲೋದ ಹಿಮದಲ್ಲಿ ಮೊಣಕಾಲಿಗೆ ಪೆಟ್ಟಾಗಿ ಸೀಸನ್ ಮುಗಿಯಿತು. ಒಟ್ಟು ನಾಲ್ಕು ಪಂದ್ಯ, 348 ಯಾರ್ಡ್, ಒಂದೂ ಟಚ್‌ಡೌನ್ ಇಲ್ಲ. 395 ಇದ್ದದ್ದು 50ರ ಆಸುಪಾಸಿಗೆ ಬಂತು.

ಹಾಗೆಂದು ಅಂದಾಜು ಕಟ್ಟುವುದೇ ವ್ಯರ್ಥ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಂದು ಸರಳ ಲೆಕ್ಕ ನೋಡಿ. ಒಬ್ಬ ಓಟಗಾರ ಆರೋಗ್ಯವಾಗಿದ್ದರೆ 340 ಅಂಕ ತರುತ್ತಾನೆ, ಗಾಯಗೊಂಡರೆ 60 ಎಂದು ಇಟ್ಟುಕೊಳ್ಳೋಣ. ಆರೋಗ್ಯವಾಗಿರುವ ಸಾಧ್ಯತೆ ನಾಲ್ಕರಲ್ಲಿ ಮೂರು. ಸರಾಸರಿ ತೆಗೆದರೆ 270 ಬರುತ್ತದೆ. ಪಟ್ಟಿಯಲ್ಲಿ ಅಚ್ಚಾಗುವುದು ಆ 270. ಆದರೆ 270 ಎಂಬುದು ಆ ಆಟಗಾರ ಕಾಣಲಿರುವ ಯಾವ ಸೀಸನ್ನೂ ಅಲ್ಲ. ಅವನು 340ರ ಕಡೆ ಇರುತ್ತಾನೆ, ಇಲ್ಲವೇ 60ರ ಕಡೆ. ಅಂದಾಜು ಸರಿಯಾಗಿದ್ದರೂ ಪ್ರತಿ ಸಲ ‘ತಪ್ಪಿದಂತೆ’ ಕಾಣುತ್ತದೆ. ಅದರ ಉಪಯೋಗ ಇರುವುದು ಹೋಲಿಕೆಗೆ: ಈ ಸುತ್ತಿನಲ್ಲಿ ಇವನೋ ಅವನೋ ಎಂದು ಆರಿಸುವಾಗ ಅದು ಕೈಹಿಡಿಯುತ್ತದೆ. ಸೀಸನ್ ಮುಗಿದ ಮೇಲೆ ಒಬ್ಬನ ಮುಂದೆ ಹಿಡಿದು ‘ಎಲ್ಲಿ ಉಳಿದದ್ದು?’ ಎಂದು ಕೇಳಲು ಅದು ಯಾವತ್ತೂ ಹುಟ್ಟಿದ್ದಲ್ಲ.

ಆದ್ದರಿಂದ ನನ್ನ ಮೊದಲ ವಿನಂತಿ. ನಮ್ಮ ನಮ್ಮ ಲೀಗ್‌ಗಳಲ್ಲಿ ಪಟ್ಟಿ ಹಂಚುವವರು ಒಂದೇ ಸಂಖ್ಯೆ ಬರೆಯುವುದನ್ನು ಬಿಡಿ. ಪ್ರತಿ ಹೆಸರಿನ ಮುಂದೆ ಮೂರು ಸಂಖ್ಯೆ ಇರಲಿ: ಎಲ್ಲವೂ ಕೂಡಿಬಂದರೆ ಎಷ್ಟು, ಸಾಧಾರಣವಾಗಿ ಎಷ್ಟು, ಕೆಟ್ಟ ವರ್ಷದಲ್ಲಿ ಎಷ್ಟು. ಪಕ್ಕದಲ್ಲಿ ಒಂದು ಸಾಲಿನ ಕಾರಣ ಇರಲಿ. ‘32 ವರ್ಷ, ಕಳೆದ ವರ್ಷ ಮೊಣಕಾಲು’ ಎಂದೋ, ‘ಹೊಸ ಆಫೆನ್ಸಿವ್ ಕೋಆರ್ಡಿನೇಟರ್’ ಎಂದೋ, ‘ಒಪ್ಪಂದದ ತಕರಾರು, ಅಭ್ಯಾಸಕ್ಕೆ ಬಂದಿಲ್ಲ’ ಎಂದೋ. ಸಂಖ್ಯೆ ಮರೆತುಹೋಗುತ್ತದೆ, ಕಾರಣ ನೆನಪಿನಲ್ಲಿ ಉಳಿದು ಮುಂದಿನ ವರ್ಷಕ್ಕೆ ಕಲಿಸುತ್ತದೆ.

ಒಪ್ಪಂದದ ತಕರಾರು ಎಂದಾಗ ಅಯೂಕ್ ನೆನಪಾಗುತ್ತಾರೆ. 2023ರಲ್ಲಿ 1,342 ಯಾರ್ಡ್ ಗಳಿಸಿದ್ದ ಅವರು ಹೊಸ ಒಪ್ಪಂದಕ್ಕಾಗಿ 2024ರ ಆಗಸ್ಟ್ ಪೂರ್ತಿ ಅಭ್ಯಾಸದಿಂದ ದೂರ ಉಳಿದು, ತಿಂಗಳ ಕೊನೆಯಲ್ಲಷ್ಟೇ ಸಹಿ ಹಾಕಿದರು. ಏಳು ಪಂದ್ಯಗಳಲ್ಲಿ 374 ಯಾರ್ಡ್. ಅಕ್ಟೋಬರ್ 20ರಂದು ಚೀಫ್ಸ್ ವಿರುದ್ಧ ಮೊಣಕಾಲಿನ ಅಸ್ಥಿರಜ್ಜು ಹರಿಯಿತು. ಅದೇ ವರ್ಷ ಯಾರ ಪಟ್ಟಿಯಲ್ಲೂ ದೊಡ್ಡ ಸಂಖ್ಯೆ ಇಲ್ಲದ ಜುವಾನ್ ಜೆನಿಂಗ್ಸ್, 2020ರ ಎನ್‌ಎಫ್‌ಎಲ್ ಡ್ರಾಫ್ಟ್‌ನ ಏಳನೇ ಸುತ್ತಿನ ಆಟಗಾರ, ಮೂರನೇ ವಾರ ರ‍್ಯಾಮ್ಸ್ ವಿರುದ್ಧ 175 ಯಾರ್ಡ್, ಮೂರು ಟಚ್‌ಡೌನ್ ಗಳಿಸಿದರು. ವರ್ಷದ ಕೊನೆಗೆ ಅವರ ಖಾತೆಯಲ್ಲಿ 975 ಯಾರ್ಡ್ ಇತ್ತು. ಹಿಂದಿನ ವರ್ಷ ಇದ್ದದ್ದು 265. ಗಮನಿಸಿ: ತಂಡ 6 ಗೆದ್ದು 11 ಸೋತರೂ, ಗಳಿಸಿದ ಒಟ್ಟು ಯಾರ್ಡ್‌ಗಳಲ್ಲಿ ಲೀಗ್‌ನ ಮುಂಚೂಣಿಯಲ್ಲೇ ಇತ್ತು. ಮೊತ್ತ ಅಷ್ಟಾಗಿ ಕುಸಿಯಲಿಲ್ಲ, ಹಂಚಿಕೆ ಬದಲಾಯಿತು. ಮೇಲಿಂದ ಕೆಳಗೆ ಲೆಕ್ಕ ಕಟ್ಟಿದವರು ಅಯೂಕ್ ಬಿದ್ದ ದಿನವೇ ‘ಆ ನೂರು ಎಸೆತ ಈಗ ಯಾರಿಗೆ?’ ಎಂದು ಕೇಳಿಕೊಂಡರು. ಒಳ್ಳೆಯ ಅಂದಾಜು ನಮಗೆ ಕೊಡುವುದು ಈ ಪ್ರಶ್ನೆಯನ್ನು.

ರನ್ನಿಂಗ್ ಬ್ಯಾಕ್‌ಗಳ ವಿಷಯದಲ್ಲಂತೂ ಈ ತಂಡ ಎಲ್ಲರಿಗೂ ಪಾಠಶಾಲೆ. ಶಾನಹನ್ 2017ರಲ್ಲಿ ಬಂದರು. ಆ ವರ್ಷ ಹೆಚ್ಚು ಓಡಿದವರು ಕಾರ್ಲೋಸ್ ಹೈಡ್, 938 ಯಾರ್ಡ್. 2018ರಲ್ಲಿ ಮ್ಯಾಟ್ ಬ್ರೀಡಾ, 814. 2019ರಲ್ಲಿ ರಹೀಮ್ ಮೊಸ್ಟರ್ಟ್, 772. 2020ರಲ್ಲಿ ಜೆಫ್ ವಿಲ್ಸನ್, 600. 2021ರಲ್ಲಿ ಎಲೈಜಾ ಮಿಚೆಲ್, 963. 2022 ಮತ್ತು 2023ರಲ್ಲಿ ಮೆಕ್‌ಕ್ಯಾಫ್ರಿ. 2024ರಲ್ಲಿ ಜೋರ್ಡನ್ ಮೇಸನ್, 789. ಎಂಟು ವರ್ಷಗಳಲ್ಲಿ ಏಳು ಹೆಸರು. ಬ್ರೀಡಾ, ಮೊಸ್ಟರ್ಟ್, ವಿಲ್ಸನ್, ಮೇಸನ್ ನಾಲ್ವರನ್ನೂ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ ಯಾವ ತಂಡವೂ ಆರಿಸಿರಲಿಲ್ಲ. ಮಿಚೆಲ್ ಆರನೇ ಸುತ್ತಿನವರು. 2021ರ ಆಗಸ್ಟ್‌ನಲ್ಲಿ ನಮ್ಮಂಥವರು ಮೊಸ್ಟರ್ಟ್ ಮತ್ತು ಮೂರನೇ ಸುತ್ತಿನ ಹೊಸಬ ಟ್ರೇ ಸರ್ಮನ್ ಬಗ್ಗೆ ವಾದಿಸಿದರು. ಮೊಸ್ಟರ್ಟ್ ಮೊದಲ ಪಂದ್ಯದಲ್ಲಿ ಎರಡು ಸಲ ಓಡಿ ಗಾಯಗೊಂಡರು, ಚೆಂಡು ಮಿಚೆಲ್ ಕೈಗೆ ಹೋಯಿತು.

2022 ಇನ್ನೂ ದೊಡ್ಡ ಉದಾಹರಣೆ. ಆ ಆಗಸ್ಟ್‌ನಲ್ಲಿ ಫಾರ್ಟಿನೈನರ್ಸ್ ಬಗ್ಗೆ ಬರೆದ ಪಟ್ಟಿಗಳಲ್ಲಿ ಕ್ವಾರ್ಟರ್‌ಬ್ಯಾಕ್ ಜಾಗದಲ್ಲಿ ಟ್ರೇ ಲ್ಯಾನ್ಸ್ ಇದ್ದರು, ಓಟಗಾರನ ಜಾಗದಲ್ಲಿ ಮಿಚೆಲ್ ಇದ್ದರು. ಮಿಚೆಲ್‌ಗೆ ಮೊದಲ ಪಂದ್ಯದಲ್ಲೇ ಮೊಣಕಾಲಿನ ಗಾಯ. ಲ್ಯಾನ್ಸ್‌ಗೆ ಎರಡನೇ ಪಂದ್ಯದಲ್ಲಿ ಕಣಕಾಲು ಮುರಿಯಿತು. ಅವರ ಬದಲು ಬಂದ ಜಿಮ್ಮಿ ಗರಾಪಲೊ ಡಿಸೆಂಬರ್‌ನಲ್ಲಿ ಪಾದ ಮುರಿದುಕೊಂಡರು. ಆಗ ಇಳಿದವರು ಪರ್ಡಿ: ಆ ವರ್ಷದ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ 262ನೆಯವರು, ಎಲ್ಲರಿಗಿಂತ ಕೊನೆಯವರು. ಮೆಕ್‌ಕ್ಯಾಫ್ರಿಯಂತೂ ಅಕ್ಟೋಬರ್‌ವರೆಗೆ ಕ್ಯಾರೊಲೈನಾ ತಂಡದಲ್ಲಿದ್ದರು. ವರ್ಷದ ಕೊನೆಗೆ ತಂಡವನ್ನು ಹೊತ್ತು ನಡೆದ ಈ ಇಬ್ಬರಲ್ಲಿ ಒಬ್ಬರು ಆಗಸ್ಟ್‌ನಲ್ಲಿ ಈ ತಂಡದಲ್ಲೇ ಇರಲಿಲ್ಲ, ಇನ್ನೊಬ್ಬರು ಮೂರನೆಯ ಸಾಲಿನಲ್ಲಿದ್ದರು.

ಆಗಸ್ಟ್‌ಗೆ ಇಷ್ಟೊಂದು ಕಾಣದಿರಲು ಕಾರಣಗಳಿವೆ. 2021ರಿಂದ ಹೆಚ್ಚಿನ ತಂಡಗಳು ಸೀಸನ್‌ಗೆ ಮೊದಲು ಆಡುವ ಅಭ್ಯಾಸ ಪಂದ್ಯಗಳು ಮೂರೇ. ಹಿರಿಯ ಆಟಗಾರರು ಅವುಗಳಲ್ಲಿ ಇಳಿಯುವುದೇ ಕಡಿಮೆ. ಕೋಚ್‌ಗಳು ತಮ್ಮ ನಿಜವಾದ ಆಟವನ್ನು ಎದುರಾಳಿಗೆ ತೋರಿಸುವುದಿಲ್ಲ. ಗಾಯದ ವರದಿಯನ್ನು ತಂಡಗಳು ಕಡ್ಡಾಯವಾಗಿ ಪ್ರಕಟಿಸಬೇಕಾದ್ದು ನಿಜವಾದ ಸೀಸನ್‌ನ ಮೊದಲ ವಾರದಿಂದ. ಅಭ್ಯಾಸ ಪಂದ್ಯದಲ್ಲಿ ಒಬ್ಬ ಹೊಸಬ 60 ಯಾರ್ಡ್ ಓಡಿದ್ದನ್ನು ನೋಡಿ ಪಟ್ಟಿ ತಿದ್ದುವ ಮೊದಲು, ಅವನು ಯಾರ ಎದುರು ಓಡಿದ, ಮೊದಲ ಸಾಲಿನವರ ಜೊತೆ ಇಳಿದನೋ ಕೊನೆಯ ಹೊತ್ತಿನಲ್ಲಿ ಇಳಿದನೋ ಎಂದು ನೋಡಿ. ಅವನು ಮೊದಲ ಸಾಲಿನಲ್ಲಿ ನಿಂತದ್ದೇ ಸುದ್ದಿ. ಓಡಿದ ಯಾರ್ಡ್ ಅಷ್ಟು ದೊಡ್ಡ ಸುದ್ದಿಯಲ್ಲ.

ಈಗ ಪತ್ರದ ಮುಖ್ಯ ಮಾತಿಗೆ ಬರುತ್ತೇನೆ.

ಮಲೆನಾಡಿನಿಂದ ಬಂದವರಿಗೆ ಅಡಿಕೆಯ ಚೇಣಿ ಗೊತ್ತು. ಕೊಯ್ಲಿಗೆ ಮೊದಲೇ ಚೇಣಿದಾರ ತೋಟ ಸುತ್ತುತ್ತಾನೆ, ಮರ ನೋಡುತ್ತಾನೆ, ಗೊನೆ ಎಣಿಸುತ್ತಾನೆ, ಇಷ್ಟು ಫಸಲು ಬರುತ್ತದೆ ಎಂದು ಲೆಕ್ಕ ಹಾಕಿ ಮಾತು ಕೊಡುತ್ತಾನೆ. ಮಳೆ ಹೆಚ್ಚಾಗಿ ಕೊಳೆ ಬಂದು ಕಾಯಿ ಉದುರಿದರೆ ಲೆಕ್ಕ ತಪ್ಪುತ್ತದೆ. ಆಗ ಅವನು ತನ್ನ ಲೆಕ್ಕವನ್ನು ತಾನು ಹೊರುತ್ತಾನೆ. ಮರದ ಬುಡಕ್ಕೆ ಹೋಗಿ ಬಯ್ಯುವುದಿಲ್ಲ. ಫ್ಯಾಂಟಸಿ ಆಡುವ ನಮಗೂ ಅದೇ ನ್ಯಾಯ ಸಲ್ಲಬೇಕು. ಅಂದಾಜು ಮಾಡಿದವರು ನಾವು, ಆರಿಸಿಕೊಂಡವರು ನಾವು, ಲೈನಪ್‌ನಲ್ಲಿ ಇಟ್ಟವರು ನಾವು. ಆಟಗಾರ ಆ ಸಂಖ್ಯೆಗೆ ಸಹಿ ಹಾಕಿಲ್ಲ. ಅವನ ಒಪ್ಪಂದ ಅವನ ತಂಡದ ಜೊತೆ.

ಇದನ್ನು ಒತ್ತಿ ಹೇಳಬೇಕಾಗಿ ಬಂದಿರುವುದು ಈ ಹವ್ಯಾಸದಲ್ಲಿ ಬೆಳೆದ ಒಂದು ಕೆಟ್ಟ ಚಾಳಿಯಿಂದ. ನ್ಯೂಯಾರ್ಕ್ ಜೈಂಟ್ಸ್‌ನ ಓಟಗಾರ ಬ್ರ್ಯಾಂಡನ್ ಜೇಕಬ್ಸ್ 2013ರಲ್ಲಿ ತಮಗೆ ಬಂದ ಕೊಲೆ ಬೆದರಿಕೆಯನ್ನು ತಾವೇ ಬಹಿರಂಗಪಡಿಸಿದರು. ಫ್ಯಾಂಟಸಿ ಅಂಕಕ್ಕಾಗಿ ಅವರು ಇಷ್ಟು ಯಾರ್ಡ್ ಓಡಲೇಬೇಕೆಂದು ಆ ಬೆದರಿಕೆ ಹೇಳುತ್ತಿತ್ತು. ಆಮೇಲಿನ ವರ್ಷಗಳಲ್ಲಿ, ಅಂಕ ಬಾರದ ವಾರ ಅಭಿಮಾನಿಗಳು ಹಣ ವಾಪಸ್ ಕೇಳಿ ಆಟಗಾರರ ಫೋನಿಗೆ ಬೇಡಿಕೆ ಕಳಿಸುವುದನ್ನು ಹಲವು ಆಟಗಾರರು ಹೇಳಿಕೊಂಡಿದ್ದಾರೆ. ಇಂಥದ್ದು ನಮ್ಮವರ ಕೈಯಿಂದ ಆಗಬಾರದು, ಸಂದೇಶವಾಗಿಯೂ ಅಲ್ಲ, ನಮ್ಮ ನಮ್ಮಲ್ಲಿನ ಮಾತಾಗಿಯೂ ಅಲ್ಲ.

ಫಾರ್ಟಿನೈನರ್ಸ್‌ನ 2024ರ ಸೀಸನ್ ಅನ್ನು ಮನುಷ್ಯರ ಕಣ್ಣಿನಿಂದ ಒಮ್ಮೆ ನೋಡಿ. ಆಗಸ್ಟ್ 31ರಂದು ಸ್ಯಾನ್ ಫ್ರಾನ್ಸಿಸ್ಕೊದ ಯೂನಿಯನ್ ಸ್ಕ್ವೇರ್‌ನಲ್ಲಿ, ನಮ್ಮಲ್ಲಿ ಎಷ್ಟೋ ಜನ ಮಕ್ಕಳನ್ನು ಕರೆದುಕೊಂಡು ಓಡಾಡುವ ಜಾಗದಲ್ಲಿ, ದರೋಡೆಯ ಯತ್ನವೊಂದರಲ್ಲಿ ಹೊಸ ರಿಸೀವರ್ ರಿಕಿ ಪಿಯರ್ಸಾಲ್ ಎದೆಗೆ ಗುಂಡು ಬಿತ್ತು. ಬದುಕಿ ಉಳಿದು ಏಳನೇ ವಾರ ಮೈದಾನಕ್ಕಿಳಿದರು. ಡೀಬೊ ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿದರು. ರಕ್ಷಣಾ ಆಟಗಾರ ಚಾರ್ವೇರಿಯಸ್ ವಾರ್ಡ್ ಎರಡು ವರ್ಷ ತುಂಬದ ಮಗಳನ್ನು ಕಳೆದುಕೊಂಡರು. ತಂಡದ ಇನ್ನೊಬ್ಬ ಆಟಗಾರ ಟ್ರೆಂಟ್ ವಿಲಿಯಮ್ಸ್ ದಂಪತಿಗೆ ಹುಟ್ಟಬೇಕಿದ್ದ ಮಗು ಉಳಿಯಲಿಲ್ಲ. ಇವಾವುದಕ್ಕೂ ನಮ್ಮ ಪಟ್ಟಿಯಲ್ಲಿ ಕಾಲಂ ಇಲ್ಲ, ಇರಲೂ ಸಾಧ್ಯವಿಲ್ಲ. ಅದೇ ಕಾರಣಕ್ಕೆ, ಪಟ್ಟಿಯನ್ನು ಕೈಯಲ್ಲಿ ಹಿಡಿದು ಆ ತಂಡವನ್ನು ಬೈಯುವ ಹಕ್ಕೂ ನಮಗಿಲ್ಲ.

2024ರ ಮೆಕ್‌ಕ್ಯಾಫ್ರಿಯನ್ನು ‘ಮುಗಿದವನು’ ಎಂದು ಬರೆದವರು ಎಷ್ಟೋ ಜನ. ಅವರೇ 2025ರಲ್ಲಿ 17 ಪಂದ್ಯಗಳನ್ನೂ ಆಡಿ, ನೂರಕ್ಕೂ ಹೆಚ್ಚು ಪಾಸ್ ಹಿಡಿದು, ಓಟ ಮತ್ತು ಪಾಸ್ ಸೇರಿ 2,000 ಯಾರ್ಡ್ ದಾಟಿದರು. ಅದೇ ವರ್ಷ ಪರ್ಡಿ ಕಾಲ್ಬೆರಳಿನ ಗಾಯದಿಂದ ಹಲವು ಪಂದ್ಯ ಹೊರಗುಳಿದಿದ್ದರಿಂದ ಅವರ ಬದಲು ಮ್ಯಾಕ್ ಜೋನ್ಸ್ ಆಡಬೇಕಾಯಿತು. ಒಂದು ವರ್ಷದ ಗಾಯ ಮುಂದಿನ ವರ್ಷದ ತೀರ್ಪಲ್ಲ; ಒಂದು ವರ್ಷದ ಆರೋಗ್ಯವೂ ಅಲ್ಲ.

ಇನ್ನು ಕೆಲವು ನಿರ್ದಿಷ್ಟ ವಿನಂತಿಗಳು.

ಕಮಿಷನರ್‌ಗಳಿಗೆ: ಲೀಗ್‌ನ ನಿಯಮಗಳನ್ನು ಡ್ರಾಫ್ಟ್‌ಗೆ ಮೊದಲೇ ಎಲ್ಲರಿಗೂ ಬರೆದು ಕೊಡಿ. ಹಿಡಿದ ಪಾಸಿಗೆ ಅಂಕ ಇದೆಯೋ ಇಲ್ಲವೋ ಎಂಬುದರ ಮೇಲೆ ಇಡೀ ಪಟ್ಟಿ ಮೇಲೆ ಕೆಳಗೆ ಆಗುತ್ತದೆ. ಬೇರೆ ನಿಯಮದ ಲೀಗ್‌ಗೆ ಮಾಡಿದ ಪಟ್ಟಿಯನ್ನು ಹಿಡಿದು ಬಂದ ಹೊಸಬ ಸೋಲುವುದು ನಮ್ಮ ಅಸಡ್ಡೆಯಿಂದ. ಗಾಯಾಳುಗಳಿಗೆ ಪ್ರತ್ಯೇಕ ಜಾಗಗಳನ್ನು ಹೆಚ್ಚಿಸಿ, ಒಬ್ಬರ ದುರದೃಷ್ಟ ಇಡೀ ಸೀಸನ್ ಅನ್ನು ನುಂಗದಂತೆ ನೋಡಿಕೊಳ್ಳಿ. ಗಾಯಗೊಂಡ ಆಟಗಾರನನ್ನು ಹೀಯಾಳಿಸುವ ಮಾತಿಗೆ ಲೀಗ್‌ನಲ್ಲಿ ಜಾಗ ಇಲ್ಲ ಎಂಬುದನ್ನೂ ನಿಯಮವಾಗಿ ಸೇರಿಸಿ.

ಆಡುವವರಿಗೆ: ದೊಡ್ಡ ಹೆಸರಿನ ಓಟಗಾರನನ್ನು ಆರಿಸಿದಿರಾದರೆ ಅವನ ಹಿಂದೆ ನಿಂತವನ ಹೆಸರನ್ನೂ ತಿಳಿದಿರಿ. 2024ರ ಆ ಮೊದಲ ಸೋಮವಾರ ಮೇಸನ್ 28 ಸಲ ಓಡಿ 147 ಯಾರ್ಡ್ ಗಳಿಸಿದರು. ಅವರನ್ನು ಬೆಂಚಿನಲ್ಲಿ ಇಟ್ಟುಕೊಂಡವರಿಗೆ ಆಸರೆ ಸಿಕ್ಕಿತು. ಬಾಜಿಯ ವಿಷಯದಲ್ಲಿ ಎಚ್ಚರ ಇರಲಿ. ವರ್ಷದ ಕೊನೆಗೆ ಗೆದ್ದವರಿಗೆ ಒಂದು ಊಟ, ಒಂದು ಟ್ರೋಫಿ ಸಾಕು. ಭಾರತದಲ್ಲಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ತಂದಿದ್ದನ್ನು, ಡ್ರೀಮ್ ಇಲೆವೆನ್ ಹಣದ ಸ್ಪರ್ಧೆಗಳನ್ನು ನಿಲ್ಲಿಸಿದ್ದನ್ನು ನೀವೆಲ್ಲ ಬಲ್ಲಿರಿ. ಇಲ್ಲಿನ ಕಾನೂನು ಬೇರೆ ಇರಬಹುದು, ಆದರೆ ಹಣ ದೊಡ್ಡದಾದಷ್ಟೂ ಆಟಗಾರ ಮನುಷ್ಯನಾಗಿ ಕಾಣುವುದು ಕಡಿಮೆಯಾಗುತ್ತದೆ ಎಂಬುದು ಎಲ್ಲ ಕಡೆಯೂ ಒಂದೇ.

ತಂದೆತಾಯಿಗಳಿಗೆ: ಮಕ್ಕಳನ್ನು ಈ ಲೆಕ್ಕದಲ್ಲಿ ಜೊತೆಗೆ ಕೂರಿಸಿಕೊಳ್ಳಿ. ಸರಾಸರಿ, ಶೇಕಡಾವಾರು, ಸಂಭವನೀಯತೆ ಎಲ್ಲವನ್ನೂ ಇದು ಅವರಿಗೆ ಪ್ರೀತಿಯಿಂದ ಕಲಿಸುತ್ತದೆ. ತಂಡದ 490 ಎಸೆತಗಳನ್ನು ಐವರಿಗೆ ಹಂಚು ಎಂದು ಹತ್ತು ವರ್ಷದ ಮಗುವಿಗೆ ಹೇಳಿ ನೋಡಿ. ಒಬ್ಬರಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬರಿಗೆ ಕಡಿಮೆಯಾಗುತ್ತದೆ ಎಂಬುದು ಅದಕ್ಕೆ ತಾನೇ ತಿಳಿಯುತ್ತದೆ. ಭಾನುವಾರ ನಾವು ಟಿವಿ ಮುಂದೆ ಆಡುವ ಮಾತುಗಳನ್ನೂ ಅದೇ ಮಗು ಕೇಳಿಸಿಕೊಳ್ಳುತ್ತದೆ ಎಂಬುದು ನೆನಪಿರಲಿ.

ಕೊನೆಯದಾಗಿ ಎಲ್ಲರಿಗೂ: ಆಗಸ್ಟ್‌ನಲ್ಲಿ ಬರೆದ ಪಟ್ಟಿಯನ್ನು ಅಳಿಸಬೇಡಿ. ಜನವರಿಯಲ್ಲಿ ಮತ್ತೆ ತೆರೆದು, ಎಲ್ಲಿ ತಪ್ಪಿತು ಎಂದು ಸಾಲುಸಾಲಾಗಿ ನೋಡಿ. ಎಸೆತದ ಲೆಕ್ಕ ತಪ್ಪಿತೋ, ದರ ತಪ್ಪಿತೋ, ಪಂದ್ಯಗಳ ಸಂಖ್ಯೆ ತಪ್ಪಿತೋ? ಮೊದಲ ಎರಡನ್ನು ನಾವು ತಿದ್ದಿಕೊಳ್ಳಬಹುದು. ಮೂರನೆಯದು ಬಹುಪಾಲು ಯಾರ ಕೈಯಲ್ಲೂ ಇಲ್ಲ. ಈ ವ್ಯತ್ಯಾಸ ತಿಳಿದವರು ಮುಂದಿನ ಸಲ ಚೆನ್ನಾಗಿ ಆಡುತ್ತಾರೆ.

ಈ ಸೀಸನ್‌ನಲ್ಲಿ ನಿಮ್ಮ ಆಯ್ಕೆ ಕೈಕೊಟ್ಟರೆ ನಿಮ್ಮ ಲೆಕ್ಕವನ್ನು ತಿದ್ದಿಕೊಳ್ಳಿ, ಆಟಗಾರನಿಗೆ ಬೇಗ ಗುಣವಾಗಲಿ ಎಂದು ಹಾರೈಸಿ. ನಿಮ್ಮೆಲ್ಲರ ಡ್ರಾಫ್ಟ್‌ಗೆ ಶುಭವಾಗಲಿ.

ಇಂತಿ ನಿಮ್ಮವ,
ಸೌತ್ ಬೇಯ ಒಬ್ಬ ಲೀಗ್ ಕಮಿಷನರ್